ಘಾಟದ ಇಳಿಜಾರು ಮತ್ತು ಬ್ರೇಕ್ ಪ್ಯಾಡಿನ ಆಯುಸ್ಸು

ಕಾರಿನ ಎಂಜಿನ್ನಿನ ಬಲವನ್ನು ಕೊಂಡಾಡುವ ರಸಿಕರು ನಮ್ಮಲ್ಲಿ ಬೇಕಾದಷ್ಟು ಮಂದಿಯುಂಟು. ಆ ಬಲವನ್ನು ತಡೆದು ನಿಲ್ಲಿಸುವ ಬ್ರೇಕ್ ಪ್ಯಾಡಿನಲ್ಲಿ ಆಸಕ್ತಿ ತೋರುವವರು ವಿರಳ. ತೋರಿದವರೂ ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ಸಾವಿರ ಕಿಲೋಮೀಟರು ಬಾಳೀತು? ಓಡಿದ ದೂರಕ್ಕಿಂತ ತಡೆದ ವೇಗವೇ ಸವೆತವನ್ನು ನಿರ್ಧರಿಸುವುದರಿಂದ, ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹೇಳುವವರನ್ನು ನಾನು ನಂಬಲಾರೆ.

ನಾಶಿಕದಿಂದ ಮುಂಬಯಿಗೆ ಹೊರಟು ಇಗತಪುರಿಯ ಬಳಿ ಕಸಾರಾ ಘಾಟವನ್ನು ಇಳಿಯುವವರಿಗೂ, ಛತ್ರಪತಿ ಸಂಭಾಜಿನಗರದಿಂದ ಕನ್ನಡ ಎಂಬ ಊರನ್ನು ಹಾದು ಚಾಳೀಸಗಾಂವಿನ ಕಡೆಗೆ ಔಟ್ರಮ್ ಘಾಟವನ್ನು ಇಳಿಯುವವರಿಗೂ ಇದು ಅನುಭವವೇದ್ಯ. ಕೆಳಗಿನ ಗೇರಿನಲ್ಲಿ ಎಂಜಿನ್ನಿಗೆ ಭಾರವನ್ನೊಪ್ಪಿಸದೆ, ಇಳಿಜಾರಿನುದ್ದಕ್ಕೂ ಪೆಡಲಿನ ಮೇಲೆ ಪಾದವನ್ನೂರಿದ ಚಾಲಕನ ಕಾರಿನಲ್ಲಿ, ಎತ್ತರದಲ್ಲಿ ಸಂಚಿತವಾಗಿದ್ದ ಶಕ್ತಿಯ ಬಹುಭಾಗವು ಪ್ಯಾಡು ಡಿಸ್ಕುಗಳ ನಡುವೆ ಶಾಖವಾಗಿ ಪರಿಣಮಿಸುತ್ತದೆ; ಪ್ಯಾಡಿನ ಮೈ ಗಾಜುಗಟ್ಟಿ ಹಿಡಿತ ಕುಗ್ಗುತ್ತದೆ; ಹಳತಾಗಿ ನೀರನ್ನು ಹೀರಿಕೊಂಡ ಬ್ರೇಕ್ ಆಯಿಲು ಕುದಿದರಂತೂ ಪೆಡಲು ಹಿಡಿತವಿಲ್ಲದೆ ತಳಕ್ಕಿಳಿದುಬಿಡುತ್ತದೆ. 2025ರ ಜೂನ್ 5ರಂದು ಪೂರ್ಣವಾಗಿ ತೆರೆದ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವು ಸುರಂಗದ ಮೂಲಕ ಕಸಾರಾ ಘಾಟವನ್ನು ತಪ್ಪಿಸಿದೆಯೆಂಬುದು ನಿಜವೇ. ಆದರೆ 120ರ ವೇಗದಿಂದ ಒಮ್ಮೆ ನಿಲ್ಲಿಸುವಾಗ ಹುಟ್ಟುವ ಶಾಖವು 60ರ ವೇಗದಲ್ಲಿ ಹುಟ್ಟುವುದರ ನಾಲ್ಮಡಿ.

ಆದುದರಿಂದ ಕಣ್ಣಾರೆ ನೋಡುವುದೊಂದೇ ದಾರಿ. ಹೊಸ ಪ್ಯಾಡಿನಲ್ಲಿ ಉಕ್ಕಿನ ತಗಡಿಗಂಟಿದ ಘರ್ಷಣದ್ರವ್ಯವು ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರು ದಪ್ಪವಿರುತ್ತದೆ. ತಗಡನ್ನು ಬಿಟ್ಟು ಅಳೆದಾಗ ಅದು 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸತಕ್ಕದ್ದು. ಚಕ್ರದ ಸಂದಿಯಿಂದ ಟಾರ್ಚು ಬಿಟ್ಟು ಇಣುಕಿದವರಿಗೆ ಕಾಣುವುದು ಹೊರಗಿನ ಪ್ಯಾಡು ಮಾತ್ರ, ಮತ್ತು ಅನೇಕರು ಮೋಸಹೋಗುವುದು ಇಲ್ಲಿಯೇ. ಕ್ಯಾಲಿಪರು ಜಾರುವ ಪಿನ್ನುಗಳು ಧೂಳು ಸೇರಿ, ಗ್ರೀಸು ಒಣಗಿ ಬಿಗಿದುಕೊಂಡಾಗ, ಪಿಸ್ಟನ್ನಿನ ಪಕ್ಕದ ಒಳಪ್ಯಾಡು ಏಕಾಂಗಿಯಾಗಿ ದುಡಿದು ತಗಡಿನವರೆಗೆ ಸವೆದಿದ್ದರೂ ಹೊರಗಿನದು ಅರ್ಧಕ್ಕರ್ಧ ಉಳಿದಿರಬಹುದು. ಸವೆದ ಪ್ಯಾಡಿನ ಲೋಹದ ನಾಲಗೆಯು ಡಿಸ್ಕಿಗೆ ತಗುಲಿ ಕೀರಲು ಸದ್ದು ಮಾಡುವ ವ್ಯವಸ್ಥೆ ಕೆಲವು ಕಾರುಗಳಲ್ಲುಂಟು. ಆ ಕೀರಲನ್ನು ಉಪೇಕ್ಷಿಸಿದವರು ಮುಂದೆ ಗರಗರ ಸದ್ದನ್ನು ಕೇಳುತ್ತಾರೆ. ಅಷ್ಟುಹೊತ್ತಿಗೆ ಡಿಸ್ಕಿನ ಮೇಲೆಯೂ ಗೀರು ಬಿದ್ದು ಖರ್ಚು ಇಮ್ಮಡಿಸಿರುತ್ತದೆ.

ಬ್ರೇಕ್ ಆಯಿಲಿನ ಮಟ್ಟ ಮೆಲ್ಲನೆ ತಗ್ಗುವುದೂ ಸವೆತದ ಸೂಚನೆಯಾಗಿರಬಹುದು. ಕಾರಣವನ್ನು ಅರಸದೆ ಡಬ್ಬಿ ತುಂಬಿಸಿಬಿಡುವುದು ರೋಗಲಕ್ಷಣವನ್ನು ಮರೆಮಾಚಿದಂತೆ. ಮೇಲಾಗಿ ಹೊಸ ಪ್ಯಾಡು ಕೂಡಿಸಲು ಪಿಸ್ಟನ್ನನ್ನು ಒಳಕ್ಕೊತ್ತಿದಾಗ ಆಯಿಲು ಉಕ್ಕಿ ಬಣ್ಣವನ್ನು ಕೆಡಿಸುತ್ತದೆ. ಒಂದು ಚಕ್ರದ ಪ್ಯಾಡು ಸವೆದಿದ್ದರೆ ಎದುರು ಚಕ್ರದ್ದನ್ನೂ ಜೊತೆಯಲ್ಲೇ ಬದಲಿಸಬೇಕು. ಇಲ್ಲವಾದರೆ ಬ್ರೇಕು ಒತ್ತಿದಾಗ ಕಾರು ಒಂದೆಡೆಗೆ ಎಳೆದೀತು.

ಘಾಟದ ಪ್ರಯಾಣವಿದ್ದಾಗ, ಓದುಗರು ಗ್ಯಾರೇಜಿನಲ್ಲಿ “ಬ್ರೇಕ್ ಸರಿಯಿದೆ” ಎಂಬ ಮಾತಿಗೆ ತೃಪ್ತರಾಗದೆ, ಚಕ್ರವನ್ನು ಬಿಚ್ಚಿಸಿ, ಒಳಗಿನ ಪ್ಯಾಡನ್ನು ತಾವೇ ನೋಡಿ ಹೊರಡಬೇಕೆಂದು ಪ್ರಾರ್ಥಿಸುತ್ತೇನೆ.