ಪೂರ್ವರಾಗವೂ ಸ್ನೇಹವೂ: ಒಂದು ತೈವಾನ್ ಚಿತ್ರದ ರಸವಿಚಾರ

ಎಳೆಯ ಹರೆಯದಲ್ಲಿ ಮೊಳೆತು ಫಲಗಾಣದೆ ಹೋದ ಪ್ರೇಮಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಯಾವ ಸ್ಥಾನವಿದೆ? ಪ್ರಶ್ನೆ ಸುಲಭವಾಗಿ ಕಂಡರೂ ಉತ್ತರ ಅಷ್ಟು ಸುಲಭವಲ್ಲ. ಭರತಮುನಿಯು ವಿಪ್ರಲಂಭಶೃಂಗಾರವನ್ನು ಸಾಪೇಕ್ಷಭಾವವೆಂದೂ ಕರುಣವನ್ನು ನಿರಪೇಕ್ಷಭಾವವೆಂದೂ ಬೇರ್ಪಡಿಸಿದನು. ಅಗಲಿದವರು ಮತ್ತೆ ಕೂಡುವರೆಂಬ ಆಸೆ ಇರುವ ತನಕ ವಿಪ್ರಲಂಭ. ಆ ಆಸೆಯ ಎಳೆ ಕಡಿದುಹೋದರೆ ಕರುಣ. ವಿಭಾಗವೇನೋ ಅಚ್ಚುಕಟ್ಟಾಗಿದೆ. ಆದರೆ ಇಬ್ಬರೂ ಬದುಕಿದ್ದಾರೆ, ಕ್ಷೇಮವಾಗಿದ್ದಾರೆ, ಒಬ್ಬರ ಹಿತವನ್ನು ಒಬ್ಬರು ಮನಸಾರೆ ಬಯಸುತ್ತಿದ್ದಾರೆ. ಕೂಡುವ ಆಸೆಯೊಂದು ಮಾತ್ರ ಇಲ್ಲ. ಇಂಥ ಸ್ಥಿತಿಯನ್ನು ಯಾವ ರಸದ ಪಂಕ್ತಿಯಲ್ಲಿ ಕುಳ್ಳಿರಿಸಬೇಕು? ಆಸೆ ಇಲ್ಲವಾದ್ದರಿಂದ ಅದು ವಿಪ್ರಲಂಭವಲ್ಲ. ಶೋಕ ಇಲ್ಲವಾದ್ದರಿಂದ ಕರುಣವೂ ಅಲ್ಲ.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ನಿಮಿತ್ತವಾದುದು 2011ರಲ್ಲಿ ತೈವಾನಿನಲ್ಲಿ ತೆರೆಕಂಡ ಒಂದು ಚಲಚ್ಚಿತ್ರ. ಅದರ ಚೀನೀ ಹೆಸರಿಗೆ ‘ಆ ವರ್ಷಗಳಲ್ಲಿ ನಾವೆಲ್ಲ ಕೂಡಿ ಬೆನ್ನುಹತ್ತಿದ ಹುಡುಗಿ’ ಎಂದು ಅರ್ಥ. ಹೊರದೇಶಗಳಲ್ಲಿ ಅದು ‘ಯು ಆರ್ ದಿ ಆಪಲ್ ಆಫ್ ಮೈ ಐ’ ಎಂಬ ಇಂಗ್ಲಿಷ್ ಹೆಸರಿನಿಂದ ಪ್ರಸಿದ್ಧವಾಗಿದೆ. ‘ನೀನು ನನ್ನ ಕಣ್ಮಣಿ’ ಎಂದರೆ ಆ ಭಾವ ಕನ್ನಡದಲ್ಲಿ ದೊರೆಯುತ್ತದೆ. ಈ ಎರಡು ಹೆಸರುಗಳಿಗೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ಇಂಗ್ಲಿಷ್ ಹೆಸರಿನಲ್ಲಿ ಇರುವವರು ಇಬ್ಬರೇ: ನಾನು, ನೀನು. ಮೂಲದ ಹೆಸರಿನಲ್ಲಿ ‘ನಾವು’ ಇದ್ದೇವೆ. ಎಂದರೆ ಗೆಳೆಯರ ಗುಂಪೊಂದಿದೆ. ಚಿತ್ರದ ಹೃದಯವು ಈ ‘ನಾವು’ ಎಂಬ ಮಾತಿನಲ್ಲಿದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಚಿತ್ರದ ನಿರ್ದೇಶಕರು ಗಿಡೆನ್ಸ್ ಕೋ. ಮೊದಲು ಕಾದಂಬರಿಕಾರರೆಂದು ಹೆಸರಾದವರು. ತಮ್ಮ ಬಾಳಿನ ಅನುಭವವನ್ನೇ ಬಹುಮಟ್ಟಿಗೆ ಆಧರಿಸಿ ಬರೆದ ಕಾದಂಬರಿಯನ್ನು ತಾವೇ ಚಿತ್ರವಾಗಿ ಮಾಡಿದರು. ಪೂರ್ಣಪ್ರಮಾಣದ ಚಿತ್ರಗಳಲ್ಲಿ ಇದು ಅವರ ಮೊದಲನೆಯದು. ಕಥೆ ನಡೆಯುವುದು ಅವರ ಹುಟ್ಟೂರಾದ ಚಾಂಗ್‌ಹ್ವಾದಲ್ಲಿ. ಚಿತ್ರೀಕರಣವಾದದ್ದೂ ಅವರು ಓದಿದ ಶಾಲೆಯಲ್ಲಿಯೇ. ನಾಯಕನಿಗೂ ಅವರು ತಮ್ಮ ಹೆಸರನ್ನೇ ಇಟ್ಟಿದ್ದಾರೆ: ಕೋ ಚಿಂಗ್‌ಟೆಂಗ್. ಆ ಪಾತ್ರವನ್ನು ವಹಿಸಿದ ಕೋ ಚೆನ್‌ಟುಂಗ್ ಅವರಿಗೆ ಆ ವರ್ಷದ ಸುವರ್ಣಾಶ್ವ ಪ್ರಶಸ್ತಿಗಳಲ್ಲಿ ಹೊಸ ನಟರಿಗೆ ಸಲ್ಲುವ ಗೌರವ ಸಂದಿತು. ನಾಯಿಕೆ ಶೆನ್ ಚಿಯಾಯಿಯ ಪಾತ್ರ ಮಿಷೆಲ್ ಚೆನ್ ಅವರದು. ಜಪಾನಿನಲ್ಲಿ 2018ರಲ್ಲಿಯೂ, ಆಮೇಲೆ ಕೊರಿಯಾದಲ್ಲಿಯೂ ಇದೇ ಕಥೆಯನ್ನು ಮರಳಿ ಚಿತ್ರಿಸಿದರೆಂಬುದರಿಂದ ಅದು ಒಂದು ಊರಿನ ಕಥೆಯಾಗಿ ಮಾತ್ರ ಉಳಿಯಲಿಲ್ಲವೆಂದು ತಿಳಿಯುತ್ತದೆ.

ಕಥಾವಸ್ತು ಸರಳವಾದುದು. ಕಾಲ 1994. ಚಿಂಗ್‌ಟೆಂಗ್ ತುಂಟ ಹುಡುಗ, ಓದಿನಲ್ಲಿ ಹಿಂದೆ. ಚಿಯಾಯಿ ತರಗತಿಗೇ ಮೊದಲಿಗಳು. ಅವನ ಗೆಳೆಯರೆಲ್ಲರೂ ಅವಳಿಗೆ ಮನಸೋತವರು. ತನಗೆ ಮಾತ್ರ ಅವಳಲ್ಲಿ ಆಸಕ್ತಿಯಿಲ್ಲವೆಂದು ಇವನ ಬಡಾಯಿ. ಒಂದು ದುಂಡಾವರ್ತನೆಗೆ ಶಿಕ್ಷೆಯಾಗಿ ಅವನನ್ನು ಅವಳ ಮುಂದಿನ ಬೆಂಚಿನಲ್ಲಿ ಕೂರಿಸಿ, ಅವನ ಮೇಲ್ವಿಚಾರಣೆಯನ್ನು ಅವಳಿಗೆ ಒಪ್ಪಿಸುತ್ತಾರೆ. ಒಂದು ದಿನ ಅವಳು ಇಂಗ್ಲಿಷ್ ಪಠ್ಯಪುಸ್ತಕವನ್ನು ಮರೆತುಬರಲು, ಅವನು ತನ್ನದನ್ನು ಅವಳಿಗೆ ದಾಟಿಸಿ ಶಿಕ್ಷೆಯನ್ನು ತಾನು ಹೊರುತ್ತಾನೆ. ಆ ಋಣವನ್ನು ಅವಳು ತೀರಿಸುವ ಬಗೆ ಸೊಗಸಾಗಿದೆ: ಅವನಿಗಾಗಿ ಪ್ರಶ್ನೆಪತ್ರಿಕೆಗಳನ್ನು ತಾನೇ ಬರೆದು ತಂದು ಓದಿಸುತ್ತಾಳೆ. ಓದದಿದ್ದಾಗ ಹಿಂದಿನಿಂದ ಪೆನ್ನಿನ ಮೊನೆಯಿಂದ ತಿವಿಯುತ್ತಾಳೆ. ಅವನ ಅಂಗಿಯ ಬೆನ್ನಿನ ಮೇಲೆ ನೀಲಿಯ ಚುಕ್ಕೆಗಳು ಉಳಿಯುತ್ತವೆ.

ಈ ನೀಲಿ ಚುಕ್ಕೆಗಳಲ್ಲಿ ಚಿತ್ರಕಾರರ ಕುಶಲತೆಯಿದೆ. ಪೂರ್ವರಾಗವನ್ನು ವರ್ಣಿಸುವ ಕವಿಗಳು ಚಂದ್ರ, ಮಲಯಾನಿಲ, ಕೋಗಿಲೆಗಳನ್ನು ಉದ್ದೀಪನವಾಗಿ ತರುವುದು ವಾಡಿಕೆ. ಇಲ್ಲಿ ಉದ್ದೀಪನವೆಂದರೆ ಶಾಯಿಯ ಕಲೆ, ಪರೀಕ್ಷೆಯ ಅಂಕ, ಸಂಜೆ ಬರಿದಾದ ತರಗತಿಯ ಕೊಠಡಿ. ಪರೀಕ್ಷೆಯ ಅಂಕಗಳ ಮೇಲೆ ಇಬ್ಬರಿಗೂ ಪಂದ್ಯ ಬೀಳುತ್ತದೆ: ಅವನು ಸೋತರೆ ತಲೆ ಬೋಳಿಸಿಕೊಳ್ಳಬೇಕು, ಅವಳು ಸೋತರೆ ಕೂದಲನ್ನು ಕುದುರೆಬಾಲದಂತೆ ಎತ್ತಿಕಟ್ಟಿ ಬರಬೇಕು. ಸೋತವನು ಅವನು, ಮಾತಿನಂತೆ ತಲೆ ಬೋಳಿಸಿಕೊಂಡನು. ಗೆದ್ದವಳಾದರೂ ಅವಳು ಮರುದಿನ ಕೂದಲನ್ನು ಎತ್ತಿಕಟ್ಟಿಕೊಂಡೇ ಬಂದಳು. ಈ ಒಂದು ನಡೆ ಅವಳ ಮನಸ್ಸನ್ನು ಪುಟಗಟ್ಟಲೆ ಸಂಭಾಷಣೆಗಿಂತ ಚೆನ್ನಾಗಿ ತಿಳಿಸುತ್ತದೆ. ಧ್ವನಿ ಎಂದು ಆನಂದವರ್ಧನನು ಕರೆದದ್ದು ಇದನ್ನೇ ಅಲ್ಲವೆ?

ಇಷ್ಟೇ ಆಗಿದ್ದರೆ ಇದು ಇಬ್ಬರ ಕಥೆಯಾಗುತ್ತಿತ್ತು. ಆದರೆ ತರಗತಿಯ ಹಣ ಕಳವಾದಾಗ ನಡೆಯುವ ಪ್ರಸಂಗವು ಕಥೆಗೆ ಬೇರೊಂದು ಅಗಲವನ್ನು ಕೊಡುತ್ತದೆ. ಯಾರ ಮೇಲೆ ಸಂದೇಹವೋ ಅವರ ಹೆಸರನ್ನು ಬರೆದುಕೊಡಿರೆಂದು ಶಾಲೆಯ ಅಧಿಕಾರಿಯು ವಿದ್ಯಾರ್ಥಿಗಳಿಗೆ ಆಜ್ಞೆ ಮಾಡುತ್ತಾನೆ. ಸಹಪಾಠಿಗಳನ್ನು ಹೀಗೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಅನ್ಯಾಯವೆಂದು ತುಂಟರ ಗುಂಪು ಪ್ರತಿಭಟಿಸುತ್ತದೆ. ಎಂದೂ ಶಿಕ್ಷೆಯನ್ನು ಕಾಣದ ಚಿಯಾಯಿಯೂ ಎದ್ದುನಿಂತು ಅವರ ಪಕ್ಷವನ್ನು ಹಿಡಿಯುತ್ತಾಳೆ; ಅವರೊಂದಿಗೆ ಶಿಕ್ಷೆಯನ್ನು ಅನುಭವಿಸಿ ಅಳುತ್ತಾಳೆ. ಅಂದಿನಿಂದ ಅವಳು ಆ ಹುಡುಗರಿಗೆ ದೂರದಿಂದ ನೋಡುವ ಚೆಲುವೆಯಲ್ಲ, ಜೊತೆಯಲ್ಲಿ ನಿಂತ ಗೆಳತಿ. ತೈವಾನಿನಲ್ಲಿ ಸೈನಿಕಶಾಸನ ಎತ್ತಿಹೋದದ್ದು 1987ರಲ್ಲಿ. ಅದರ ಬಿಗಿ ಶಾಲೆಗಳಲ್ಲಿ ಇನ್ನೂ ಪೂರಾ ಸಡಿಲವಾಗದ ಕಾಲವದು. ಆ ಹಿನ್ನೆಲೆಯಲ್ಲಿ ಈ ಸಣ್ಣ ಪ್ರತಿಭಟನೆಗೆ ತೂಕ ಹೆಚ್ಚು.

ಚಿತ್ರದ ಅತ್ಯುತ್ತಮ ಸನ್ನಿವೇಶ ಪಿಂಗ್‌ಶಿಯದು. ಶಾಲೆ ಮುಗಿದು ಅವಳು ತೈಪೆಗೂ ಅವನು ಶಿಂಚುವಿಗೂ ಓದಲು ಹೋಗಿದ್ದಾರೆ. ಪಿಂಗ್‌ಶಿ ಎಂಬುದು ಬೆಟ್ಟದ ನಡುವಣ ಊರು. ಕಾಗದದ ದೊಡ್ಡ ದೀಪಗಳ ಮೇಲೆ ಹರಕೆಯನ್ನು ಬರೆದು, ಒಳಗೆ ಉರಿ ಹೊತ್ತಿಸಿ, ಬಾನಿಗೆ ತೇಲಿಬಿಡುವುದು ಅಲ್ಲಿನ ಸಂಪ್ರದಾಯ. ದೀಪದ ಒಂದು ಮೈಯ ಮೇಲೆ ಅವನು ಬರೆಯುತ್ತಾನೆ, ಇನ್ನೊಂದರ ಮೇಲೆ ಅವಳು. ತನ್ನ ಮನಸ್ಸನ್ನು ತಿಳಿಸಿದ ಅವನಿಗೆ, ಉತ್ತರ ಬೇಕೆ ಎಂದು ಅವಳು ಕೇಳುತ್ತಾಳೆ. ‘ಇಲ್ಲ’ ಎಂಬ ಮಾತನ್ನು ಕೇಳಬೇಕಾದೀತೆಂದು ಹೆದರಿ, ಬೇಡವೆನ್ನುತ್ತಾನೆ. ಅವಳ ಒಪ್ಪಿಗೆಯೋ ದೀಪದ ಆಚೆಯ ಮೈಯ ಮೇಲೆ ಬರೆದಾಗಿದೆ! ದೀಪ ಮೇಲೇರುತ್ತದೆ. ನೋಡುವ ನಮಗೆ ಅಕ್ಷರಗಳು ಕಾಣುತ್ತವೆ, ಅವನಿಗೆ ಕಾಣವು. ಶಾಪವಿಲ್ಲ, ಖಳನಿಲ್ಲ, ತಂದೆತಾಯಿಗಳ ಅಡ್ಡಿಯಿಲ್ಲ. ಹರೆಯದ ಅಂಜಿಕೆಯೊಂದೇ ಇಲ್ಲಿ ದೈವದ ಕೆಲಸವನ್ನು ಮಾಡಿದೆ.

ಇನ್ನು ದೋಷಗಳನ್ನೂ ಹೇಳಬೇಕು. ಮೊದಲನೆಯದು ಗ್ರಾಮ್ಯದೋಷ. ಹುಡುಗರ ಅಡ್ಡಹೆಸರುಗಳಲ್ಲಿಯೂ ವಿನೋದದಲ್ಲಿಯೂ ಅಶ್ಲೀಲ ಹೇರಳವಾಗಿದೆ. ಆ ವಯಸ್ಸಿನವರು ಹೀಗೆ ಆಡುವುದು ಲೋಕಸಹಜವಾದರೂ, ಅದು ಸತ್ಯದ ಅಳತೆಯನ್ನು ಮೀರಿ ನಗೆಯ ಸರಕಾಗಿ ನಿಂತ ಕಡೆ ಔಚಿತ್ಯ ಕೆಟ್ಟಿದೆ. ಮನೆಯವರೆಲ್ಲ ಕೂಡಿ ಕುಳಿತು ನೋಡಲು ಚಿತ್ರದ ಮೊದಲ ಭಾಗ ತಕ್ಕುದಲ್ಲ. ಎರಡನೆಯ ದೋಷ ಇದಕ್ಕಿಂತ ಆಳವಾದದ್ದು. ಭವಭೂತಿಯ ಉತ್ತರರಾಮಚರಿತೆಯ ಮೊದಲ ಅಂಕದಲ್ಲಿ ರಾಮನೂ ಸೀತೆಯೂ ಚಿತ್ರಪಟಗಳನ್ನು ನೋಡುತ್ತ ಕಳೆದ ದಿನಗಳನ್ನು ನೆನೆದು ಕರಗುತ್ತಾರೆ. ಅಲ್ಲಿ ನೋಡುವವರು ಇಬ್ಬರು, ನೆನಪು ಇಬ್ಬರದು. ಈ ಚಿತ್ರಪಟವನ್ನು ಬಿಡಿಸಿ ತೋರಿಸುವವನು ಅವನೊಬ್ಬನೇ. ಚಿಯಾಯಿಯ ಮನೆ, ಅವಳ ಹಂಬಲ, ಪ್ರವೇಶಪರೀಕ್ಷೆಯ ದಿನ ಮೈ ನೆಟ್ಟಗಿಲ್ಲದೆ ಎಣಿಸಿದ ಫಲ ಬಾರದೆ ಅವಳು ಪಟ್ಟ ಸಂಕಟ, ಇವೆಲ್ಲ ಅವನ ಕಣ್ಣಿಗೆ ಬಿದ್ದಷ್ಟೇ ನಮಗೂ ಕಾಣುತ್ತವೆ. ನೆನೆಯುವವನು ನೆನೆಯಲ್ಪಟ್ಟವಳಿಗೆ ಪೂರ್ಣ ನ್ಯಾಯವನ್ನು ಮಾಡಬಲ್ಲನೆ? ದೀಪದ ಆಚೆಯ ಮೈಯನ್ನು ತೋರಿಸಿದ ಚಿತ್ರಕಾರರಿಗೆ ಈ ಪ್ರಶ್ನೆಯ ಅರಿವಿತ್ತೆಂದು ಕಾಣುತ್ತದೆ. ಆದರೆ ಅದನ್ನು ಅವರು ಕೊನೆಯವರೆಗೆ ಹಿಂಬಾಲಿಸಲಿಲ್ಲ.

ಕಾಲೇಜಿನಲ್ಲಿ ಚಿಂಗ್‌ಟೆಂಗ್ ತನ್ನ ಶೌರ್ಯವನ್ನು ಮೆರೆಯಲು ಒಂದು ಹೊಡೆದಾಟದ ಪಂದ್ಯವನ್ನು ಏರ್ಪಡಿಸಿ ಅವಳನ್ನು ಕರೆಯುತ್ತಾನೆ. ಗಾಯಗೊಂಡ ಅವನನ್ನು ಕಂಡು, ಇದೆಂಥ ಹುಡುಗಾಟವೆಂದು ಅವಳು ನೊಂದು ನುಡಿಯುತ್ತಾಳೆ. ಸುರಿಯುವ ಮಳೆಯಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಬಹುಕಾಲ ಮಾತಿಲ್ಲ. 1999ರ ಸೆಪ್ಟೆಂಬರ್ 21ರ ನಡುರಾತ್ರಿಯ ಮೇಲೆ ತೈವಾನ್ ನಡುಗಿತು. ಆ ಭೂಕಂಪದಲ್ಲಿ ಸತ್ತವರು 2,400ಕ್ಕೂ ಹೆಚ್ಚು. ಅದರ ಕೇಂದ್ರವಿದ್ದ ನಾಂತೋ ಪ್ರಾಂತ ಚಾಂಗ್‌ಹ್ವಾಕ್ಕೆ ನೆರೆಯದು. ಅಂದು ಅವನು ಮೊದಲು ವಿಚಾರಿಸಿದ್ದು ಅವಳ ಕ್ಷೇಮವನ್ನು. ಕವಿಕಲ್ಪಿತವಲ್ಲದ ಈ ದುರಂತವನ್ನು ಚಿತ್ರವು ಅಲಂಕಾರಕ್ಕಾಗಿ ಬಳಸಿಲ್ಲ. ನೆಲವೇ ಅದುರಿದಾಗ ಮನುಷ್ಯನಿಗೆ ಮುನಿಸು ಎಷ್ಟು ಸಣ್ಣದೆಂದು ತೋರುತ್ತದೆ, ಅಷ್ಟೆ. ದೂರವಾಣಿಯಲ್ಲಿ ಅವಳು ಅವನ ಪ್ರೀತಿಗೆ ಕೃತಜ್ಞತೆಯನ್ನು ಹೇಳುತ್ತಾಳೆ. ಸಮಾಂತರವಾದ ಇನ್ನೊಂದು ಲೋಕದಲ್ಲಿ ತಾವಿಬ್ಬರೂ ಜೊತೆಯಾಗಿರಬಹುದೆಂಬ ಮಾತೂ ಬರುತ್ತದೆ. ಆಸೆ ಅಲ್ಲಿಗೆ ಮುಗಿಯಿತು, ಅಕ್ಕರೆ ಮುಗಿಯಲಿಲ್ಲ.

2005ರಲ್ಲಿ ಚಿಯಾಯಿಗೆ ಬೇರೊಬ್ಬನೊಡನೆ ಮದುವೆಯಾಗುತ್ತದೆ. ಹಳೆಯ ಗೆಳೆಯರೆಲ್ಲ ಸೇರುತ್ತಾರೆ. ವಧುವನ್ನು ಮುದ್ದಿಸಲು ಅನುಮತಿ ಬೇಕೆಂದು ಅವರು ಪರಿಹಾಸಕ್ಕೆ ಕೇಳಲು, ಹಾಗೆ ಮಾಡುವವನು ಮೊದಲು ತನ್ನನ್ನು ಮುದ್ದಿಸಲಿ ಎಂದು ವರನೂ ಪರಿಹಾಸವಾಡುತ್ತಾನೆ. ಚಿಂಗ್‌ಟೆಂಗ್ ಮುಂದೆ ನುಗ್ಗಿ ವರನನ್ನೇ ಮುದ್ದಿಸಿಬಿಡುತ್ತಾನೆ! ಸಭೆ ನಗುತ್ತದೆ. ಆ ನಗೆಯ ನಡುವೆ ಹಳೆಯ ದಿನಗಳೆಲ್ಲ ಅವನ ಕಣ್ಣಮುಂದೆ ಹಾಯುತ್ತವೆ. ಮಳೆಯ ಆ ರಾತ್ರಿ ಬೇರೊಂದು ಬಗೆಯಲ್ಲಿ ಮುಗಿದಿದ್ದರೆ ಎಂಬ ಕಲ್ಪನೆಯೂ ಹಾಯುತ್ತದೆ. ಹಾಸ್ಯದ ಒಡಲಲ್ಲಿ ಇಂಥ ವಿಯೋಗವನ್ನು ಹುದುಗಿಸಿಟ್ಟ ಮುಕ್ತಾಯ ಅಪರೂಪ. ಹುಡುಗಾಟದವನೆಂದು ಅವಳು ಜರೆದಿದ್ದಳು. ಈ ಕೊನೆಯ ಹುಡುಗಾಟದಲ್ಲಿ ಅವನು ದೊಡ್ಡವನಾಗಿದ್ದಾನೆ. ಮತ್ಸರಪಡಬೇಕಾದ ಎಡೆಯಲ್ಲಿ ಹರಸಲು ಕಲಿತಿದ್ದಾನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರುದ್ರಟನೆಂಬ ಆಲಂಕಾರಿಕನು ಪ್ರಸಿದ್ಧವಾದ ರಸಗಳ ಜೊತೆಗೆ ಪ್ರೇಯಸ್ ಎಂಬ ಇನ್ನೊಂದು ರಸವನ್ನು ಹೇಳಿ, ಸ್ನೇಹವನ್ನು ಅದಕ್ಕೆ ಸ್ಥಾಯಿಯಾಗಿ ಇಟ್ಟನು. ಅಭಿನವಗುಪ್ತನು ಇಂಥ ಪ್ರತ್ಯೇಕ ರಸವನ್ನು ಒಪ್ಪಲಿಲ್ಲ. ಸ್ನೇಹವು ತಾನೇ ನಿಲ್ಲತಕ್ಕ ಭಾವವಲ್ಲ, ತರುಣರ ಮಿತ್ರಸ್ನೇಹ ರತಿಯಲ್ಲಿ ಹೋಗಿ ವಿಶ್ರಮಿಸುತ್ತದೆ ಎಂಬುದು ಅವನ ವಾದ. ಆಚಾರ್ಯನ ಮಾತು ದೊಡ್ಡದು. ಆದರೂ ಈ ಚಿತ್ರದಲ್ಲಿ ಕಾಣುವುದು ಅದಕ್ಕೆ ವಿಪರೀತವಾದ ಗತಿ. ಇಲ್ಲಿ ರತಿಯೇ ಕಟ್ಟಕಡೆಗೆ ಸ್ನೇಹದಲ್ಲಿ ವಿಶ್ರಮಿಸಿದೆ. ಪೂರ್ವರಾಗದ ದಾಹ ಇಂಗಿದ ಮೇಲೂ ಉಳಿದದ್ದು ಗೆಳೆಯರ ಆ ‘ನಾವು’; ಅವಳೂ ಅದರೊಳಗಿನವಳು. ಆದ್ದರಿಂದಲೇ ಮದುವೆಯ ಮಂಟಪದಲ್ಲಿ ಕರುಣವಿಲ್ಲ. ರುದ್ರಟನ ಪಕ್ಷಕ್ಕೆ ಇದನ್ನೊಂದು ಲಕ್ಷ್ಯವಾಗಿ ಕೊಡಬಹುದೆಂದು ನಮಗೆ ತೋರುತ್ತದೆ.

ಮಕ್ಕಳ ಎಳೆಯ ಒಲವನ್ನು ಹಿರಿಯರು ಎರಡು ಬಗೆಯಲ್ಲಿ ಕಾಣುವುದುಂಟು: ಒಂದು, ಓದಿಗೆ ಬಂದ ಕೇಡೆಂದು, ಇನ್ನೊಂದು, ನಕ್ಕು ಮರೆಯತಕ್ಕ ಹುಚ್ಚೆಂದು. ಈ ಎರಡನ್ನೂ ಈ ಚಿತ್ರ ಒಪ್ಪುವುದಿಲ್ಲ. ಚಿಂಗ್‌ಟೆಂಗ್ ಓದಿದ್ದೂ ಆ ಒಲವಿನಿಂದಲೇ, ಇನ್ನೊಬ್ಬರ ಸುಖದಲ್ಲಿ ಸುಖವನ್ನು ಕಾಣಲು ಕಲಿತದ್ದೂ ಅದರಿಂದಲೇ. ಕೈಗೂಡದ ಪ್ರೇಮ ವ್ಯರ್ಥವೆನ್ನುವವರು ಅದು ಬೆಳೆಸಿದ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಶ್ಲೀಲದ ಹೊಟ್ಟನ್ನು ತೂರಿ ಕಾಳನ್ನು ಆರಿಸಿಕೊಳ್ಳಬಲ್ಲ ಪ್ರೌಢ ಪ್ರೇಕ್ಷಕರು ಇದನ್ನು ನೋಡಬೇಕು. ಬೆಳೆದ ಮಕ್ಕಳಿರುವ ತಂದೆತಾಯಿಗಳಂತೂ ತಪ್ಪದೆ ನೋಡಬೇಕು.