ಗ್ರೇಟ್ ಓರ್ಮ್ ತಾಮ್ರದ ಗಣಿ: ‘ಕುಸಿತ’ವೆಂಬ ಮಾತಿನ ವಿಮರ್ಶೆ

ಉತ್ತರ ವೇಲ್ಸಿನ ಲಾಂಡಡ್ನೋ ಪಟ್ಟಣಕ್ಕೆ ತಾಗಿದಂತೆ ಕಡಲಿಗೆ ಚಾಚಿಕೊಂಡಿರುವ ಸುಣ್ಣಕಲ್ಲಿನ ಗುಡ್ಡಕ್ಕೆ ಗ್ರೇಟ್ ಓರ್ಮ್ ಎಂದು ಹೆಸರು. ಅದರ ಒಡಲಲ್ಲಿ ಪಾಳುಬಿದ್ದಿರುವ ತಾಮ್ರದ ಗಣಿಯನ್ನು ಕುರಿತು ಅಲನ್ ವಿಲಿಯಮ್ಸ್ ಮತ್ತು ಅವರ ಸಹಲೇಖಕಿ 2019ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಶ್ರಮದ ಫಲವೆಂಬುದರಲ್ಲಿ ಸಂದೇಹವಿಲ್ಲ. ಅದರ ಶೀರ್ಷಿಕೆಯಲ್ಲಿರುವ ‘ಭರಾಟೆ ಮತ್ತು ಕುಸಿತ’ ಎಂಬರ್ಥದ ಮಾತಿಗೆ ಮಾತ್ರ ನನ್ನ ಆಕ್ಷೇಪವಿದೆ.

ಅದಿರಿನಲ್ಲಿ ಬೆರೆತ ನಿಕಲ್, ಆರ್ಸೆನಿಕ್‌ಗಳನ್ನೂ ಸೀಸದ ಐಸೊಟೋಪುಗಳನ್ನೂ ಅಳೆದು, ಆ ಕಾಲದ ಕಂಚಿನ ಸಲಕರಣೆಗಳೊಡನೆ ಹೋಲಿಸಿ, ಕ್ರಿ.ಪೂ. 1600ರಿಂದ 1400ರವರೆಗೆ ಬ್ರಿಟನ್ನಿಗೆ ತಾಮ್ರ ಒದಗಿಸಿದ ಪ್ರಧಾನ ಗಣಿ ಇದೇ ಎಂದು ಲೇಖಕರು ಸ್ಥಾಪಿಸುತ್ತಾರೆ. ಫ್ರಾನ್ಸಿನ ಬ್ರಿಟನಿಯಿಂದ ಬಾಲ್ಟಿಕ್ ತೀರದವರೆಗೂ ಈ ಲೋಹ ಸಂಚರಿಸಿತ್ತಂತೆ. ಇಲ್ಲಿನ ಹಳೆಯ ಅಗೆತವೆಲ್ಲ ರೋಮನರದೆಂಬ ನಂಬಿಕೆ ಹಿಂದೆ ಬಲವಾಗಿದ್ದುದನ್ನು ನೆನೆದರೆ ಈ ಸಾಧನೆಯ ಬೆಲೆ ತಿಳಿದೀತು.

ಇದಕ್ಕೆಲ್ಲ ಆಧಾರ ಗುಡ್ಡದ ರಚನೆ. ಮೂವತ್ತು ಕೋಟಿ ವರ್ಷಗಳಿಗೂ ಹಿಂದಿನ ಸುಣ್ಣಕಲ್ಲು ಕಾಲಾಂತರದಲ್ಲಿ ಡಾಲಮೈಟಾಗಿ, ಅಲ್ಲಲ್ಲಿ ಕೊಳೆತು ಮೆದುವಾಯಿತು. ಬಿರುಕುಗಳಲ್ಲಿದ್ದ ತಾಮ್ರದ ಗಂಧಕಯುಕ್ತ ಅದಿರು ಗಾಳಿ ನೀರುಗಳ ಸಂಪರ್ಕದಿಂದ ಹಸಿರು ಮ್ಯಾಲಕೈಟಾಯಿತು. ದನದ ಎಲುಬಿನಿಂದಲೇ ಕೆರೆದು ತೆಗೆಯಬಹುದಾದ ಅದಿರು! 1987ರಿಂದ ನಡೆದ ಉತ್ಖನನದಲ್ಲಿ ಸಾವಿರಾರು ಎಲುಬುಗಳೂ ಕಲ್ಲಿನ ಸುತ್ತಿಗೆಗಳೂ ದೊರೆತಿವೆ. ಕೆಲವು ಸುರಂಗಗಳು ಮಕ್ಕಳು ಮಾತ್ರ ನುಸುಳಬಲ್ಲಷ್ಟು ಇಕ್ಕಟ್ಟು.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನಗಳೆಯುವ ನನಗೆ ‘ಕುಸಿತ’ವೆಂದರೆ ಬೆಲೆ ಬೀಳುವುದು, ಸಾಲ ಮರಳದಿರುವುದು, ಬಾಗಿಲಿಗೆ ಬೀಗ ಬೀಳುವುದು. ಇಲ್ಲಿ ನಡೆದುದಾದರೂ ಏನು? ಸಮೃದ್ಧವಾದ ಅದಿರು ತೀರಿತು. ಉಳಿದ ಸಣ್ಣ ಎಳೆಗಳನ್ನು ಹಿಡಿದು ಜನರು ಕ್ರಿ.ಪೂ. 900ರ ಸುಮಾರಿನವರೆಗೂ ಅಗೆದರು. ಭರಾಟೆಗೆ ಇನ್ನೂರು ವರ್ಷ. ಅನಂತರದ ಬಡ ದುಡಿಮೆಗೆ ಐನೂರು. ಇದನ್ನು ಲೇಖಕರೇ ಪ್ರಬಂಧದೊಳಗೆ ಒಪ್ಪುತ್ತಾರೆ. ಹೀಗಿರಲು, ಸುಮಾರು ಇಪ್ಪತ್ತು ತಲೆಮಾರುಗಳು ಮಂಡಿಯೂರಿ ಮಾಡಿದ ಕೆಲಸವನ್ನು ಮಾರುಕಟ್ಟೆಯ ಒಂದು ಪದದಿಂದ ಅಳಿಸುವುದು ನ್ಯಾಯವೆ? ಈ ಪ್ರಬಂಧವನ್ನು ಕನ್ನಡಕ್ಕೆ ತರುವ ಉತ್ಸಾಹಿಗಳಿದ್ದರೆ, ಆ ಸ್ಥಳದಲ್ಲಿ ‘ಇಳಿಗಾಲ’ವೆಂದು ಬರೆಯಬೇಕಾಗಿ ನನ್ನ ವಿನಂತಿ.