ಹಳೆಯ ಕಾರಿಗೆ ಹೊಸ ಮುಂಗಾಲು

ಹಳೆಯ ಕಾರುಗಳನ್ನು ಸಾಕಿಕೊಂಡಿರುವ ನಮ್ಮಂಥವರ ಮನಸ್ಸಿನಲ್ಲಿ ಒಂದು ಸುಖದ ನಂಬಿಕೆ ನೆಲೆಯೂರಿರುವುದುಂಟು: ಯಾವ ಭಾಗ ಸವೆದಿದೆಯೋ ಅದೇ ಹೆಸರಿನ ಹೊಸ ಭಾಗವನ್ನು ಅಂಗಡಿಯಿಂದ ತಂದು ಅದೇ ಸ್ಥಾನದಲ್ಲಿ ಕೂರಿಸಿಬಿಟ್ಟರೆ ಗಾಡಿ ತನ್ನ ಮೊದಲಿನ ನಡಿಗೆಗೆ ಮರಳುತ್ತದೆ ಎಂಬುದು. ಸ್ಪಾರ್ಕ್ ಪ್ಲಗ್ಗಿನ ವಿಷಯದಲ್ಲಿ, ಏರ್ ಫಿಲ್ಟರಿನ ವಿಷಯದಲ್ಲಿ, ಬ್ಯಾಟರಿಯ ವಿಷಯದಲ್ಲಿ ಇದು ಬಹುಮಟ್ಟಿಗೆ ಸತ್ಯವೇ. ಆದರೆ ಮುಂದಿನ ಚಕ್ರಗಳ ಮೇಲೆ ನೆಟ್ಟಗೆ ನಿಂತು, ಇಂಜಿನ್ನಿನ ಭಾರವನ್ನು ಹೊತ್ತು, ರಸ್ತೆಯ ಹೊಡೆತವನ್ನು ನುಂಗಿ, ಅಷ್ಟು ಸಾಲದೆಂಬಂತೆ ಸ್ಟೀರಿಂಗ್ ತಿರುಗಿದ ಕಡೆಗೆ ತಾನೂ ತಿರುಗಬೇಕಾದ ಸ್ಟ್ರಟ್ ಎಂಬ ಅಂಗದ ವಿಷಯದಲ್ಲಿ, ಅದರಲ್ಲಿಯೂ ಆ ಕಾರು ಕಾಪುವಿನ ಕಡಲ ಗಾಳಿಯಲ್ಲೋ ಉಡುಪಿಯ ಮಳೆಯಲ್ಲೋ ಇಪ್ಪತ್ತು ವರ್ಷ ಬಾಳಿದ್ದಾದರೆ, ಆ ನಂಬಿಕೆ ಮೊದಲ ಬೋಲ್ಟಿಗೆ ಪಾನಾ ಇಟ್ಟ ಕ್ಷಣದಲ್ಲಿಯೇ ಕುಸಿಯುತ್ತದೆ. ಆದಕಾರಣ ನಮ್ಮ ಕರಾವಳಿಯಲ್ಲಿ ಈ ಕೆಲಸವನ್ನು ಕೈಗೊಳ್ಳುವವನು ಹೊಸ ಸ್ಟ್ರಟ್ಟಿಗೆ ಹಣ ಎಣಿಸುವ ಮೊದಲು ಹಳೆಯದರ ಸುತ್ತಮುತ್ತ ಇರುವುದೆಲ್ಲವನ್ನೂ ಪರೀಕ್ಷಿಸತಕ್ಕದ್ದು ಎಂಬುದು ಈ ವಾರದ ನನ್ನ ಪ್ರತಿಪಾದನೆ.

ಈ ಅಂಗದ ಸ್ವಭಾವವನ್ನು ತಿಳಿಯಬೇಕಾದರೆ ಅದರ ಜನ್ಮವೃತ್ತಾಂತವನ್ನು ಕೊಂಚ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಕ್ಯಾಡೆಟ್ ಎಂಬ ಅಗ್ಗದ ಸಣ್ಣ ಷೆವ್ರೊಲೆ ಕಾರನ್ನು ನಿರ್ಮಿಸಲು ಹೊರಟಾಗ, ಅದರ ಹೊಣೆ ಹೊತ್ತ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರನು, ಅದುವರೆಗೆ ಮೇಲೊಂದು ಕೆಳಗೊಂದು ತೋಳು, ನಡುವೆ ಸ್ಪ್ರಿಂಗು, ಬೇರೆಯಾಗಿ ಶಾಕ್ ಅಬ್ಸಾರ್ಬರು ಎಂದು ಹಲವು ಭಾಗಗಳಲ್ಲಿ ಹಂಚಿಹೋಗಿದ್ದ ಕಾರ್ಯಗಳನ್ನೆಲ್ಲ ಒಂದೇ ಕಂಬದಲ್ಲಿ ಅಡಕಗೊಳಿಸುವ ಯುಕ್ತಿಯನ್ನು ಕಂಡುಕೊಂಡನು. 1947ರಲ್ಲಿ ಆ ಕಾರಿನ ಯೋಜನೆಯೇ ರದ್ದಾಯಿತು. ಅದೇ ವರ್ಷ ಮ್ಯಾಕ್‌ಫರ್ಸನ್ನನು ಫೋರ್ಡ್ ಸಂಸ್ಥೆಯನ್ನು ಸೇರಿದನು. ಅವನ ಯುಕ್ತಿಯು 1950ರ ಲಂಡನ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಫೋರ್ಡಿನ ಕಾನ್ಸಲ್ ಮತ್ತು ಜೆಫಿರ್ ಕಾರುಗಳಲ್ಲಿ ರೂಪ ತಾಳಿತು. 1953ರಲ್ಲಿ ಅಮೆರಿಕದ ಪೇಟೆಂಟು ದೊರಕಿತು. ಮೇಲಿನ ತೋಳನ್ನು ಕೈಬಿಟ್ಟ, ಜಾಗವನ್ನು ಉಳಿಸಿದ, ಹಣವನ್ನು ಉಳಿಸಿದ ಈ ರಚನೆ ಮುಂದೆ ಜಗತ್ತಿನ ಸಣ್ಣ ಕಾರುಗಳ ನಿಯಮವೇ ಆಗಿಬಿಟ್ಟಿತು.

ನಮ್ಮಲ್ಲಿ ಅದು ಮನೆಮನೆಗೆ ಬಂದದ್ದು ತಡವಾಗಿ. ಅಂಬಾಸಿಡರಿನ ಮುಂಭಾಗ ನಿಂತಿದ್ದುದು ಟಾರ್ಶನ್ ಬಾರಿನ ಮೇಲೆ. ಪದ್ಮಿನಿಯದು ಜೋಡಿ ವಿಶ್‌ಬೋನ್ ತೋಳುಗಳ ಮತ್ತು ಸ್ಪ್ರಿಂಗಿನ ಮೇಲೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ತನ್ನ ಒಡೆಯನ ಕೈ ಸೇರಿದಂದಿನಿಂದ ಮಾತ್ರ ನಮ್ಮ ಮಧ್ಯಮ ವರ್ಗದ ಕುಟುಂಬಗಳು, ತಿಳಿದೋ ತಿಳಿಯದೆಯೋ, ಮ್ಯಾಕ್‌ಫರ್ಸನ್ನನ ಕಂಬಗಳ ಮೇಲೆ ಸವಾರಿ ಮಾಡತೊಡಗಿದವು. 2014ರ ಜನವರಿಯಲ್ಲಿ ಆ ಕಾರಿನ ನಿರ್ಮಾಣ ನಿಂತುಹೋದ ಕಾರಣ, ಅತ್ಯಂತ ಕಿರಿಯ 800 ಕೂಡ ಈಗ ದಶಕವನ್ನು ದಾಟಿದೆ. ಹಿರಿಯವಂತೂ ಹದಿನೈದು ವರ್ಷದ ನೋಂದಣಿಯನ್ನು ಮುಗಿಸಿ, ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯ ಮುಂದೆ ತಮ್ಮ ಆರೋಗ್ಯವನ್ನು ರುಜುವಾತುಪಡಿಸಿಕೊಳ್ಳುತ್ತ, ಕೆಎ 20ರ ಫಲಕವನ್ನು ಹೊತ್ತು ಮಣಿಪಾಲದ ಏರಿನಲ್ಲಿ ಇಂದಿಗೂ ಕಾಣಸಿಗುತ್ತವೆ.

ಒಂದೇ ಅಂಗಕ್ಕೆ ಹಲವು ಕೆಲಸ ಒಪ್ಪಿಸಿದ ಮಿತವ್ಯಯಕ್ಕೆ ಒಂದು ಬೆಲೆಯೂ ಉಂಟು. ಸಾಮಾನ್ಯ ಶಾಕ್ ಅಬ್ಸಾರ್ಬರು ಸತ್ತರೆ ಕಾರು ಕುಣಿಯುತ್ತದೆ, ಅಷ್ಟೆ. ಚಕ್ರವನ್ನು ಹಿಡಿದಿರುವ ತೋಳುಗಳು ತಮ್ಮ ಪಾಡಿಗೆ ತಾವಿರುತ್ತವೆ. ಸ್ಟ್ರಟ್ಟಾದರೋ ತಾನೇ ತೋಳು, ತಾನೇ ಆಧಾರ. ಆದುದರಿಂದ ಅದರೊಳಗಿನ ಬುಷ್ ಸವೆದು ದಂಡ ಅಲುಗಾಡತೊಡಗಿತೆಂದರೆ ಚಕ್ರದ ಓರೆಯೇ ವ್ಯತ್ಯಾಸವಾಗಿ, ಟೈರು ಒಂದು ಮಗ್ಗುಲಲ್ಲಿ ಸವೆಯುತ್ತದೆ. ಹಂಪ್ಸಿನ ಮೇಲೆ ಲೋಹದ ಸದ್ದು ಕೇಳಿಬರುತ್ತದೆ. ಬ್ರೇಕು ಒತ್ತಿದಾಗ ಮೂತಿ ನೆಲಕ್ಕೆ ಬಾಗುತ್ತದೆ. ಬಾನೆಟ್ಟಿನ ಅಂಚನ್ನು ಕೈಯಿಂದ ಒತ್ತಿ ಬಿಟ್ಟಾಗ ಕಾರು ಒಮ್ಮೆ ಮೇಲೆದ್ದು ನಿಲ್ಲದೆ ತೂಗಾಡುತ್ತಲೇ ಇದ್ದರೆ, ಮತ್ತು ಹೊರಕವಚದ ಮೇಲೆ ಎಣ್ಣೆಯ ಜಿಡ್ಡಿಗೆ ಕೆಂಪು ಧೂಳು ಮೆತ್ತಿಕೊಂಡಿದ್ದರೆ, ರೋಗನಿದಾನಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ನಮ್ಮ ನೆಲದ ವಿಶೇಷವನ್ನು ಹೇಳಬೇಕು. 1901ರಿಂದ ದೀಪಸ್ತಂಭವನ್ನು ಹೊತ್ತು ನಿಂತಿರುವ ಕಾಪುವಿನ ಬಂಡೆಯ ಆಸುಪಾಸಿನ ಮನೆಗಳ ಅಂಗಳದಲ್ಲಿ ನಿಂತ ಕಾರಿಗೆ ಉಪ್ಪಿನ ತೇವ ಹಗಲಿರುಳೂ ತಪ್ಪಿದ್ದಲ್ಲ. ಆ ಉಪ್ಪು ಸ್ಟ್ರಟ್ಟಿನ ದಂಡದ ಕ್ರೋಮ್ ಲೇಪವನ್ನು ಚುಕ್ಕಿಚುಕ್ಕಿಯಾಗಿ ತಿನ್ನುತ್ತದೆ, ಆ ಚುಕ್ಕಿಗಳ ಅಂಚು ಪ್ರತಿಯೊಂದು ಏರಿಳಿತದಲ್ಲಿಯೂ ರಬ್ಬರಿನ ಸೀಲನ್ನು ಕೊರೆಯುತ್ತದೆ, ಎಣ್ಣೆ ಸೋರುತ್ತದೆ. ಉಡುಪಿಯಿಂದ ಇಂದ್ರಾಳಿಯ ಮಾರ್ಗವಾಗಿ ಮಣಿಪಾಲದ ಗುಡ್ಡಕ್ಕೆ ದಿನವೂ ಏರಿಳಿಯುವ ಕಾರಿಗೆ ಇಳಿಜಾರಿನ ಬ್ರೇಕಿನ ಭಾರವೆಲ್ಲ ಮುಂದಿನ ಕಂಬಗಳ ಮೇಲೆಯೇ. ಕಾರ್ಕಳದವರ ಕಾರಿಗೆ ಉಪ್ಪಿನ ಬಾಧೆ ಕಡಿಮೆ. ಆದರೆ ಮುರಕಲ್ಲಿನ ಕೆಸರು ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ತುಂಬಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ಬಜಗೋಳಿ, ಮಾಳಗಳ ಮೇಲೆ ಕುದುರೆಮುಖದ ಕಡೆಗೆ ಏರುವ ತಿರುವುಗಳು ಪಕ್ಕಬಲದಿಂದ ಬುಷ್ಷುಗಳನ್ನು ಅರೆಯುತ್ತವೆ. ಇವೆಲ್ಲದರ ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ.

ಮೊದಲನೆಯ ಕಷ್ಟ ಬೋಲ್ಟಿನದು. ಸ್ಟ್ರಟ್ಟಿನ ಕೆಳತುದಿಯನ್ನು ಚಕ್ರ ಹೊತ್ತ ನಕಲ್ಲಿಗೆ ಬಂಧಿಸಿರುವ ಎರಡು ದಪ್ಪ ಬೋಲ್ಟುಗಳು ಹೊರಗಿನಿಂದ ನೋಡಿದರೆ ಸಾಧುವಾಗಿಯೇ ಕಾಣುತ್ತವೆ. ಒಳಗೆ, ತೂತು ಮತ್ತು ಬೋಲ್ಟಿನ ನಡುವಿನ ಕೂದಲಗಲದ ಅವಕಾಶದಲ್ಲಿ, ತುಕ್ಕು ಬೆಳೆದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಸ್ಥಳವನ್ನು ಬೇಡುವ ಪದಾರ್ಥವಾದ್ದರಿಂದ, ಹೊರಬರಲು ದಾರಿಯಿಲ್ಲದಲ್ಲಿ ಅದು ಬೆಣೆಯಂತೆ ಎರಡೂ ಲೋಹಗಳನ್ನು ಬಿಗಿಹಿಡಿಯುತ್ತದೆ. ಇಂಥಲ್ಲಿ ಉದ್ದ ಪೈಪು ಸೇರಿಸಿ ಪಾನಾವನ್ನು ತುಳಿಯುವವರುಂಟು. ನಟ್ಟಿನ ಮೂಲೆ ಸವೆದು ದುಂಡಗಾಗುವುದೋ ಬೋಲ್ಟಿನ ಕುತ್ತಿಗೆ ಮುರಿಯುವುದೋ ಅದರ ಫಲ. ಬಲ್ಲವನು ಹಿಂದಿನ ಸಂಜೆಯೇ ತುಕ್ಕುಬಿಡಿಸುವ ಎಣ್ಣೆಯನ್ನು ಸಿಂಪಡಿಸಿಟ್ಟು, ಮರುದಿನ ತಂತಿಯ ಬ್ರಶ್ಶಿನಿಂದ ಹೊರಗಿನ ಎಳೆಗಳನ್ನು ಉಜ್ಜಿ, ನಟ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಅಷ್ಟೇ ಬಿಗಿದು, ಹೀಗೆ ಹಿಂದೆಮುಂದೆ ಮಾಡುತ್ತ ತುಕ್ಕಿನ ಪುಡಿಯನ್ನು ಹೊರದೂಡುತ್ತಾನೆ. ಅದಕ್ಕೂ ಜಗ್ಗದಿದ್ದಲ್ಲಿ ಮಾತ್ರ ಗ್ಯಾಸಿನ ಜ್ವಾಲೆ, ಅದೂ ರಬ್ಬರು, ಬ್ರೇಕಿನ ಹೋಸುಗಳಿಂದ ದೂರವಿಟ್ಟು. ಕಾರ್ಕಳದ ಗ್ಯಾರೇಜೊಂದರ ಹಿರಿಯ ಮೇಸ್ತ್ರಿಯೊಬ್ಬರು, ಹೊಸ ಸ್ಟ್ರಟ್ಟುಗಳ ಪೆಟ್ಟಿಗೆಯನ್ನು ಆಗಲೇ ಕಂಕುಳಲ್ಲಿಟ್ಟುಕೊಂಡು ಬಂದ ಗಿರಾಕಿಗೆ, “ಮೊದ್ಲು ಬೋಲ್ಟು ಬರ್ತದಾ ನೋಡುವ, ಮತ್ತೆ ಸಾಮಾನು ತರುವ ಮಾರಾಯ್ರೆ” ಎಂದು ನಗುತ್ತ ಹೇಳಿದ್ದನ್ನು ಕೇಳಿದ್ದೇನೆ. ಈ ವಿಷಯದಲ್ಲಿ ಬರೆದ ಕೈಪಿಡಿಗಳೆಲ್ಲವೂ ಆ ವಾಕ್ಯದ ವಿಸ್ತರಣವೆಂದರೆ ಸಲ್ಲುತ್ತದೆ.

ಎರಡನೆಯ ಕಷ್ಟ ಸಾಮಾನಿನದು. ಒಂದೇ ಹೆಸರಿನ ಕಾರು ದಶಕಗಳ ಕಾಲ ಕಾರ್ಖಾನೆಯಿಂದ ಹೊರಬಿದ್ದಾಗ ಅದರ ಒಳಾಂಗಗಳು ಸದ್ದಿಲ್ಲದೆ ಬದಲಾಗುತ್ತಲೇ ಇರುತ್ತವೆ. 1983ರ 800ಕ್ಕೂ 1986ರಲ್ಲಿ ಬಂದ ಹೊಸ ರೂಪದ 800ಕ್ಕೂ ಹೆಸರೊಂದನ್ನು ಬಿಟ್ಟರೆ ಹೊರಮೈ ಬೇರೆ, ಹಿಂದಿನ ಸಸ್ಪೆನ್ಶನ್ನೂ ಬೇರೆ. ಆದುದರಿಂದ ಅಂಗಡಿಗೆ ಹೋಗುವವನು ಕಾರಿನ ಹೆಸರನ್ನಷ್ಟೇ ಹೇಳದೆ ಚಾಸಿಸ್ ಸಂಖ್ಯೆಯನ್ನೂ, ಸಾಧ್ಯವಾದರೆ ಬಿಚ್ಚಿದ ಹಳೆಯ ಸ್ಟ್ರಟ್ಟನ್ನೂ ಕೊಂಡೊಯ್ಯತಕ್ಕದ್ದು. ಊರಿನಲ್ಲಿ ಸಿಗದುದನ್ನು ಮಂಗಳೂರಿನಿಂದಲೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ತರಿಸುವಾಗ ಈ ಎಚ್ಚರ ಇಮ್ಮಡಿಯಾಗಿರಬೇಕು. ಎಡಬಲಗಳ ಭೇದವನ್ನು ಮರೆಯಬಾರದು: ಬ್ರೇಕಿನ ಹೋಸು ಹಿಡಿಯುವ ಸಣ್ಣ ಕೊಂಡಿ ಎಡದಲ್ಲಿ ಒಂದು ಮುಖಕ್ಕೆ, ಬಲದಲ್ಲಿ ಇನ್ನೊಂದು ಮುಖಕ್ಕೆ ಇರುತ್ತದೆ. ಎರಡೂ ಎಡದವೇ ಇದ್ದ ಪೆಟ್ಟಿಗೆಯೊಂದನ್ನು ನಾನೇ ಕಂಡಿದ್ದೇನೆ. ಎಡದ್ದನ್ನು ಬಲಕ್ಕೆ ಹೇಗೋ ಕೂರಿಸಿದರೆ ಹೋಸು ತಿರುಚಿಕೊಂಡು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜತೊಡಗುತ್ತದೆ. ಬಂಧದ ಬೋಲ್ಟುಗಳ ನಡುವಣ ಅಂತರ, ದಂಡದ ದಪ್ಪ, ಮೇಲ್ತುದಿಯ ಎಳೆ, ಸ್ಪ್ರಿಂಗು ಕೂರುವ ತಟ್ಟೆಯ ಎತ್ತರ, ಇವು ನಾಲ್ಕನ್ನೂ ಹಳೆಯದರ ಪಕ್ಕದಲ್ಲಿಟ್ಟು ಅಳೆಯದೆ ಹಣ ಕೊಡಬಾರದು. ಒಂದನ್ನೇ ಕೊಳ್ಳುವ ಲೋಭವೂ ಸಲ್ಲದು: ಒಂದು ಬಿರುಸು, ಒಂದು ಮೆದುವಾದರೆ ಬ್ರೇಕು ಹಾಕಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ.

ಮೂರನೆಯದು ಕಷ್ಟವೆನ್ನುವುದಕ್ಕಿಂತ ಅಪಾಯ. ಸ್ಪ್ರಿಂಗು ಯಾವಾಗಲೂ ಅದುಮಲ್ಪಟ್ಟ ಸ್ಥಿತಿಯಲ್ಲಿಯೇ ಸ್ಟ್ರಟ್ಟಿನ ಮೇಲೆ ಕುಳಿತಿರುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಬಾನೆಟ್ ತೆರೆದಾಗ ಮಡ್‌ಗಾರ್ಡಿನ ಮೇಲ್ಭಾಗದಲ್ಲಿ ಕಾಣುವ ನಟ್ಟುಗಳ ಪೈಕಿ ನಡುವಿನ ಒಂದೇ ಒಂದು. ಸುತ್ತಲಿನವುಗಳನ್ನು ಬಿಚ್ಚಬಹುದು, ನಡುವಿನದನ್ನು, ಸ್ಪ್ರಿಂಗನ್ನು ಕಂಪ್ರೆಸರಿನಿಂದ ಎರಡೂ ಬದಿಯಲ್ಲಿ ಸಮನಾಗಿ ಅದುಮುವ ಮೊದಲು, ಯಾರೂ ಮುಟ್ಟಲಾಗದು. ಸಡಿಲಗೊಂಡ ಸ್ಪ್ರಿಂಗು ಮನುಷ್ಯನ ಮುಖವನ್ನು ಲೆಕ್ಕಿಸುವುದಿಲ್ಲ. ತಂತಿಯಿಂದ ಕಟ್ಟಿ, ಹಗ್ಗದಿಂದ ಬಿಗಿದು ಈ ಕೆಲಸ ಮಾಡುವೆನೆನ್ನುವ ಗ್ಯಾರೇಜಿನಿಂದ ಕಾರನ್ನು ಹಿಂದಕ್ಕೆ ತರುವುದೇ ವಿವೇಕ. ಆ ನಡುವಿನ ನಟ್ಟನ್ನು ತಿರುಗಿಸುವಾಗ ಒಳಗಿನ ದಂಡವೂ ಜೊತೆಗೇ ತಿರುಗುವುದುಂಟು; ಅದರ ತುದಿಯ ಗುಳಿಗೆ ಆಲನ್ ಕೀ ಇಟ್ಟು ಹಿಡಿಯಬೇಕೇ ಹೊರತು, ಪ್ಲೈಯರಿನಿಂದ ದಂಡವನ್ನು ಕಚ್ಚಿದರೆ ಹೊಳಪು ಗೀರಿ, ಹೊಸ ಸ್ಟ್ರಟ್ಟು ಮೊದಲ ಮಳೆಗಾಲದಲ್ಲಿಯೇ ಸೋರಲಾರಂಭಿಸುತ್ತದೆ.

ಜೋಡಣೆಯಲ್ಲಿ ತಾಳ್ಮೆಯೊಂದೇ ಬಂಡವಾಳ. ಹೊಸ ಸ್ಟ್ರಟ್ಟನ್ನು ನೇರವಾಗಿ ನಿಲ್ಲಿಸಿ, ಕೈಯಿಂದ ಕೆಲವು ಬಾರಿ ಅದುಮಿ ಬಿಟ್ಟು, ಮಲಗಿಸಿಟ್ಟಾಗ ಎಣ್ಣೆಯಲ್ಲಿ ಸೇರಿಕೊಂಡ ಗಾಳಿಯನ್ನು ಬಿಡಿಸಬೇಕು. ಮೇಲ್ತುದಿಯ ರಬ್ಬರಿನ ಮೌಂಟಿಂಗು ಮತ್ತು ಬೇರಿಂಗುಗಳನ್ನು ಈ ಸಂದರ್ಭದಲ್ಲಿ ಬದಲಾಯಿಸದೆ ಉಳಿಸುವುದು ಉಳಿತಾಯವಲ್ಲ. ಒಣಗಿದ ಬೇರಿಂಗಿನ ಅಡಿಯಲ್ಲಿ ಸ್ಪ್ರಿಂಗು ಕೂತರೆ ಸ್ಟೀರಿಂಗು ತಿರುಗಿಸುವಾಗಲೆಲ್ಲ ಸ್ಪ್ರಿಂಗು ತಿರುಚಿಕೊಂಡು ಟಣ್ಣೆಂದು ಸದ್ದು ಮಾಡುತ್ತದೆ. ಸ್ಪ್ರಿಂಗಿನ ಕೊನೆಯು ತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಮೇಲಿನ ನಟ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಕೆಳತೋಳಿನ ಅಡಿಯಲ್ಲಿ ಜಾಕ್ ಇಟ್ಟು ಮೆಲ್ಲನೆ ಎತ್ತುತ್ತ ಬಂದರೆ ತೂತುಗಳು ತಾವಾಗಿಯೇ ಒಂದರೆದುರೊಂದು ನಿಲ್ಲುತ್ತವೆ. ಸುತ್ತಿಗೆಯಿಂದ ಬೋಲ್ಟನ್ನು ಬಡಿದು ತೂತನ್ನು ದಾರಿಗೆ ತರುವ ಪ್ರಯತ್ನ ಎಳೆಗಳ ನಾಶಕ್ಕೆ ಮಾತ್ರ ಕಾರಣ. ನಕಲ್ಲಿನ ಕಿವಿ ಹೊಸ ಬಂಧದೊಳಗೆ ಹೋಗದೆ ಹಟ ಹಿಡಿದರೆ, ಬಹಳ ಸಲ ಅದಕ್ಕೆ ಕಾರಣ ದಪ್ಪನಾಗಿ ಬಳಿದ ಬಣ್ಣ. ಒಳಮುಖದ ಬಣ್ಣವನ್ನಷ್ಟೇ ಮರಳುಕಾಗದದಿಂದ ತೆಗೆದರೆ ಸಾಕು. ಈ ಕೆಲಸದುದ್ದಕ್ಕೂ ಬ್ರೇಕಿನ ಭಾರವು ಹೋಸಿನ ಮೇಲೆ ಜೋಲದಂತೆಯೂ, ನಕಲ್ಲು ಹೊರಕ್ಕೆ ಬಾಗಿ ಡ್ರೈವ್ ಶಾಫ್ಟಿನ ಒಳಕೀಲು ಕಳಚದಂತೆಯೂ ಒಂದು ಕೈ ಕಾವಲಿರಬೇಕು. ಕೊನೆಯಲ್ಲಿ ವೀಲ್ ಅಲೈನ್‌ಮೆಂಟು. ಬಿಚ್ಚುವ ಮೊದಲು ಬೋಲ್ಟಿನ ಸ್ಥಾನವನ್ನು ಗುರುತಿಸಿಟ್ಟಿದ್ದರೂ ಅದು ತಪ್ಪತಕ್ಕದ್ದಲ್ಲ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡುವುದೂ ತಪ್ಪತಕ್ಕದ್ದಲ್ಲ.

ಇಷ್ಟೆಲ್ಲಕ್ಕೂ ಮಿಗಿಲಾದ ಪರೀಕ್ಷೆಯೊಂದಿದೆ, ಅದನ್ನು ಮೊಟ್ಟಮೊದಲು ಮಾಡತಕ್ಕದ್ದು. ಸ್ಟ್ರಟ್ಟು ತನ್ನ ತಲೆಯನ್ನು ಊರಿರುವುದು ಕಾರಿನ ಮೈಯ ತಗಡಿಗೆ. ಮಡ್‌ಗಾರ್ಡಿನ ಒಳಗೋಡೆಯಲ್ಲಿ ಗುಮ್ಮಟದಂತೆ ಉಬ್ಬಿರುವ ಆ ಭಾಗದ ಅಡಿಮುಖದಲ್ಲಿಯೇ ಕೆಸರು ಶೇಖರವಾಗುವುದು. ಚಕ್ರ ತೆಗೆದು, ಕೆಸರನ್ನು ತೊಳೆದು, ಒಣಗಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಸುತ್ತಲೂ ಒತ್ತಿ ನೋಡಿದರೆ ಸತ್ಯ ಹೊರಬೀಳುತ್ತದೆ. ತಗಡು ಗಟ್ಟಿಯಾಗಿದ್ದರೆ ಕಾರು ಹೊಸ ಸ್ಟ್ರಟ್ಟಿಗೆ ಅರ್ಹ. ಮೇಲ್ಪದರ ಮಾತ್ರ ಹುಳುಕಾಗಿದ್ದರೆ, ಅಳತೆ ಬಲ್ಲ ವೆಲ್ಡರನಿಂದ ಮೊದಲು ಅದನ್ನು ಸರಿಪಡಿಸಿ ಅನಂತರ ಸ್ಟ್ರಟ್ಟಿನ ಮಾತು. ಏಕೆಂದರೆ ಗುಮ್ಮಟದ ತೂತು ಕೊಂಚವೇ ಸರಿದರೂ ಚಕ್ರದ ಓರೆಯನ್ನು ಯಾವ ಅಲೈನ್‌ಮೆಂಟ್ ಯಂತ್ರವೂ ನೇರಮಾಡಲಾರದು. ತುದಿ ಒತ್ತಿದಲ್ಲೆಲ್ಲ ಒಳನುಗ್ಗಿದರೆ ಆ ಕಾರಿಗೆ ಹೊಸ ಸ್ಟ್ರಟ್ಟು ಹಾಕುವುದೆಂದರೆ, ಬಿರುಸಾದ ಹೊಸ ಕಂಬದ ಹೊಡೆತದಿಂದ ಹುಳುಕು ತಗಡನ್ನು ಬೇಗನೆ ಹರಿಸುವುದೆಂದೇ ಅರ್ಥ.

ಕಾಲದ ಆಯ್ಕೆಯೂ ಮುಖ್ಯ. ಮಳೆಗಾಲಕ್ಕೆ ಮುನ್ನ ಅವಸರದಲ್ಲಿ ಮೇ ತಿಂಗಳ ಕೊನೆಗೆ ಗ್ಯಾರೇಜಿಗೆ ಧಾವಿಸುವುದು ನಮ್ಮವರ ರೂಢಿ. ಆಗ ಎಲ್ಲ ಗ್ಯಾರೇಜುಗಳಲ್ಲಿಯೂ ಸಾಲು ನಿಂತಿರುತ್ತದೆ, ಮೇಸ್ತ್ರಿಗೆ ಸಾವಧಾನವಿರುವುದಿಲ್ಲ, ಬಳಿದ ಬಣ್ಣ ಆರಲು ಒಣ ಹವೆಯೂ ಉಳಿದಿರುವುದಿಲ್ಲ. ದೀಪಾವಳಿ ಕಳೆದು ಶಿವರಾತ್ರಿಯೊಳಗಿನ ತಿಂಗಳುಗಳೇ ಈ ಕಾರ್ಯಕ್ಕೆ ಪ್ರಶಸ್ತ. ಹೊಸ ಬೋಲ್ಟುಗಳನ್ನೇ ಹಾಕಿಸಿ, ಬಿಗಿದಾದ ಮೇಲೆ ಹೊರಗುಳಿದ ಎಳೆಗಳಿಗೂ ನಟ್ಟಿನ ಮುಖಕ್ಕೂ ದಪ್ಪನಾಗಿ ಗ್ರೀಸು ಹಚ್ಚಿಸಿರಿ. ಕಾಪುವಿನವರು ತಿಂಗಳಿಗೊಮ್ಮೆ ಸಿಹಿನೀರಿನಿಂದ ಮಡ್‌ಗಾರ್ಡಿನ ಒಳಭಾಗವನ್ನು ತೊಳೆಯಿಸಿರಿ. ಗ್ರೀಸಿಗೂ ನೀರಿಗೂ ಆಗುವ ವೆಚ್ಚ ಅತ್ಯಲ್ಪ. ಮುಂದಿನ ಸಲ ಅದೇ ಬೋಲ್ಟನ್ನು ಬಿಚ್ಚಲು ಕೂರುವ ಹುಡುಗನ ಒಂದು ದಿನದ ಕೂಲಿಯನ್ನೂ ಬೆರಳಿನ ಚರ್ಮವನ್ನೂ ಅದು ಉಳಿಸುತ್ತದೆ.